ಕೀಲುನೋವಿನೊಡನೆ ರಕ್ತಹೀನತೆ: ಚಳ್ಳಕೆರೆ–ಮೊಳಕಾಲ್ಮುರು ಸೀಮೆ

ಕೀಲುನೋವಿನೊಡನೆ ರಕ್ತಹೀನತೆ ಎಂದರೆ ದೀರ್ಘಕಾಲದ ಕೀಲುನೋವು ಮತ್ತು ರಕ್ತದ ಹಿಮೋಗ್ಲೋಬಿನ್ ಇಳಿತ, ಬಹುಮಟ್ಟಿಗೆ ಕಬ್ಬಿಣಾಂಶದ ಕೊರತೆಯೂ ಸೇರಿ, ಒಬ್ಬರೇ ವ್ಯಕ್ತಿಯಲ್ಲಿ ಒಟ್ಟಿಗೆ ನೆಲೆಸಿರುವ ದೇಹಸ್ಥಿತಿ. ಹಲವು ರೋಗಗಳು ಬೇರೆ ಬೇರೆ ದಾರಿಯಿಂದ ಬಂದು ಇದೇ ಚಿತ್ರವನ್ನು ಮೂಡಿಸುತ್ತವೆ. ಕೆಲವರಲ್ಲಿ ಒಂದೇ ರೋಗ ಎರಡಕ್ಕೂ ಮೂಲ. ಕೆಲವರಲ್ಲಿ ನೋವಿಗೆ ನುಂಗಿದ ಮಾತ್ರೆಯೇ ರಕ್ತ ಇಳಿಸುತ್ತದೆ. ಇನ್ನು ಕೆಲವರಲ್ಲಿ ಎರಡಕ್ಕೂ ಸಂಬಂಧವಿಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳಂಥ ಬರಸೀಮೆಯಲ್ಲಿ ಕುಡಿಯುವ ನೀರಿನ ಫ್ಲೋರೈಡ್ ನಾಲ್ಕನೆಯ ದಾರಿಯಾಗಿ ಸೇರುತ್ತದೆ. ಆದ್ದರಿಂದ ಇಲ್ಲಿ ಎರಡು ದೂರುಗಳನ್ನು ಬೇರೆ ಬೇರೆಯಾಗಿ ನೋಡುವುದು ವೈದ್ಯಕೀಯವಾಗಿ ಸಾಲದು.

ಪರಿಭಾಷೆ

ಈ ಲೇಖನದಲ್ಲಿ ರಕ್ತಹೀನತೆ ಎಂಬ ಪದವನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ ಬಳಸಲಾಗಿದೆ: 100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ ಗರ್ಭಿಣಿಯಲ್ಲದ ವಯಸ್ಕ ಹೆಂಗಸಿನಲ್ಲಿ 12 ಗ್ರಾಂಗಿಂತ, ಗರ್ಭಿಣಿಯಲ್ಲಿ 11 ಗ್ರಾಂಗಿಂತ, ಗಂಡಸಿನಲ್ಲಿ 13 ಗ್ರಾಂಗಿಂತ ಕಡಿಮೆ ಇರುವುದು. ಗರ್ಭಿಣಿಯಲ್ಲದ ಹೆಂಗಸಿನಲ್ಲಿ 8ಕ್ಕಿಂತ, ಗರ್ಭಿಣಿಯಲ್ಲಿ 7ಕ್ಕಿಂತ ಇಳಿದರೆ ತೀವ್ರ ರಕ್ತಹೀನತೆ. ಕಬ್ಬಿಣ ಕೊರತೆ ಎಂದರೆ ದೇಹದ ದಾಸ್ತಾನು ಬರಿದಾಗುವುದು. ಅದನ್ನು ಫೆರಿಟಿನ್ ಎಂಬ ಪ್ರೋಟೀನಿನ ಮಟ್ಟದಿಂದ ತಿಳಿಯುತ್ತಾರೆ. ಕೊರತೆ ಮೊದಲು ಬರುತ್ತದೆ, ರಕ್ತಹೀನತೆ ಆಮೇಲೆ. ಹಿಮೋಗ್ಲೋಬಿನ್ ಸರಿಯಾಗಿದ್ದೂ ಕಬ್ಬಿಣ ಕಡಿಮೆ ಇರುವ ಹೆಂಗಸರು ಬಹಳ. ಕೀಲುನೋವು ರೋಗಿಯ ಅನುಭವ. ಕೀಲು ಊದಿ, ಬಿಸಿಯೇರಿ, ಉರಿಯೂತ ಇದ್ದಾಗ ಮಾತ್ರ ಅದು ಕೀಲೂತ. ಊರಿನ ಮಾತಿನಲ್ಲಿ ರಕ್ತಹೀನತೆ ಎಂದರೆ ‘ರಕ್ತ ಕಡಿಮೆ’, ಕೀಲುನೋವು ಎಂದರೆ ‘ವಾಯು’ ಅಥವಾ ‘ಕೈಕಾಲು ಹಿಡಿತ’. ‘ವಾಯು’ ಎಂಬ ಒಂದೇ ಹೆಸರಿನಡಿ ಮಂಡಿ ಸವೆತ, ಸಂಧಿವಾತ, ಫ್ಲೋರೈಡಿನಿಂದಾಗುವ ಫ್ಲೋರೋಸಿಸ್ ಮೂರೂ ಸೇರಿಹೋಗುವುದರಿಂದ ರೋಗಪತ್ತೆ ತಡವಾಗುತ್ತದೆ.

ಸೀಮೆ ಮತ್ತು ಜನ

ಈ ಸೀಮೆಯ ಊರುಗಳಲ್ಲಿ ನನ್ನಿವಾಳ ಒಂದು. ಅದು ಚಳ್ಳಕೆರೆ ತಾಲ್ಲೂಕಿನ ಗ್ರಾಮ; ಪಶುಪಾಲಕ ಮ್ಯಾಸನಾಯಕ ಸಮುದಾಯದ ಕಟ್ಟೆಮನೆಗಳಲ್ಲಿ (ಕುಲದ ಕೇಂದ್ರಗಳಲ್ಲಿ) ಒಂದು. ಸುತ್ತಲಿನ ಬಯಲಿನಲ್ಲಿ ನಾಯಕರ ಹಟ್ಟಿಗಳು, ಕಾಡುಗೊಲ್ಲರ ಹಟ್ಟಿಗಳು, ಕುರಿ ಮತ್ತು ದನ ಸಾಕಣೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಈ ಸೀಮೆಯೂ ಒಂದು. ವರ್ಷದ ಸರಾಸರಿ 500 ಮಿ.ಮೀ. ಆಸುಪಾಸು ಅಥವಾ ಅದಕ್ಕೂ ಕಡಿಮೆ. ವೇದಾವತಿ ನದಿ ಹೆಚ್ಚಿನ ತಿಂಗಳು ಬತ್ತಿರುತ್ತದೆ. ಮಳೆಯಾಶ್ರಿತ ಶೇಂಗಾ ಮುಖ್ಯ ಬೆಳೆ. ಅದರ ಎಣ್ಣೆ ಗಿರಣಿಗಳಿಂದ ಚಳ್ಳಕೆರೆ ಪಟ್ಟಣ ಹೆಸರಾಯಿತು. ಚಳ್ಳಕೆರೆಯಲ್ಲಿ ಕಂಬಳಿ ನೇಯ್ಗೆ, ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯ್ಗೆ ಇಂದಿಗೂ ನಡೆದಿವೆ.

ಈ ವಿವರಗಳು ರೋಗದ ಚಿತ್ರಕ್ಕೆ ನೇರವಾಗಿ ಸೇರುತ್ತವೆ. ಶೇಂಗಾ ಕಳೆ ತೆಗೆಯುವುದು, ಗಿಡ ಕಿತ್ತು ಕಾಯಿ ಬಿಡಿಸುವುದು ದಿನವಿಡೀ ಕುಕ್ಕರುಗಾಲಿನ ಕೆಲಸ, ಬಹುಪಾಲು ಹೆಂಗಸರ ಕೆಲಸ. ಕಾಲನ್ನು ಗುಂಡಿಯೊಳಗಿಟ್ಟು ಕೂತು ನೇಯುವ ಮಗ್ಗದಲ್ಲಿ ಸೊಂಟ, ಮಂಡಿ, ಹೆಗಲು ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ದುಡಿಯುತ್ತವೆ. ಕುರಿಗಾಹಿಗೆ ನಡಿಗೆಯ ಜೊತೆಗೆ ಪ್ರಾಣಿಗಳಿಂದ ಅಂಟುವ ರೋಗಗಳ ಅಪಾಯ. ಇವೆಲ್ಲಕ್ಕೂ ಕೆಳಗೆ, ಅಕ್ಷರಶಃ ಕೆಳಗೆ, ಕೊಳವೆಬಾವಿಯ ನೀರಿದೆ.

ತಿಳಿವಳಿಕೆಯ ಬೆಳವಣಿಗೆ

ಆಯುರ್ವೇದದಲ್ಲಿ ಬಿಳಿಚಿಕೊಳ್ಳುವ ರೋಗಕ್ಕೆ ಪಾಂಡು ಎಂದು ಹೆಸರು. ಚರಕಸಂಹಿತೆ ಅದಕ್ಕೆ ಕಬ್ಬಿಣದ ಪುಡಿ ಮತ್ತು ಮಂಡೂರ (ಕಬ್ಬಿಣದ ಕಿಟ್ಟ) ಸೇರಿದ ಔಷಧಗಳನ್ನು ಹೇಳುತ್ತದೆ. ಕೀಲುಗಳು ಊದಿ ಅಜೀರ್ಣದೊಂದಿಗೆ ಬರುವ ಆಮವಾತವನ್ನು ಮಾಧವನಿದಾನ ಪ್ರತ್ಯೇಕ ರೋಗವಾಗಿ ವಿವರಿಸಿತು. ಯುರೋಪಿನಲ್ಲಿ 17ನೆಯ ಶತಮಾನದ ಹೊತ್ತಿಗೆ ಬಿಳಿಚಿದ ಹೆಣ್ಣುಮಕ್ಕಳಿಗೆ ಕಬ್ಬಿಣ ಕೊಡುವ ರೂಢಿ ಬಂತು. ಈಗ ರುಮಟಾಯ್ಡ್ ಸಂಧಿವಾತ ಎನ್ನುವ ರೋಗವನ್ನು 1800ರಲ್ಲಿ ಫ್ರಾನ್ಸಿನ ಲಾಂದ್ರೆ-ಬೊವೆ ವಿವರಿಸಿದರು. 1859ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಗ್ಯಾರಡ್ ಅದಕ್ಕೆ ಈ ಹೆಸರಿಟ್ಟರು. ಗರ್ಭಿಣಿಯರ ರಕ್ತಹೀನತೆಯ ಇನ್ನೊಂದು ಮುಖ, ಫೋಲಿಕ್ ಆಮ್ಲದ ಕೊರತೆ, ಬೆಳಕಿಗೆ ಬಂದದ್ದು ಭಾರತದಲ್ಲೇ: 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಮುಂಬಯಿಯ ಗಿರಣಿ ಕಾರ್ಮಿಕ ಹೆಂಗಸರ ನಡುವೆ ನಡೆಸಿದ ಅಧ್ಯಯನದಿಂದ.

ನೀರಿನ ಫ್ಲೋರೈಡಿನಿಂದ ಮೂಳೆ ಮತ್ತು ಕೀಲು ಸೆಡೆಯುವುದನ್ನು ಭಾರತದಲ್ಲಿ ಮೊದಲು ವರದಿ ಮಾಡಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಿಂದ. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಫ್ಲೋರೈಡ್ ಪೀಡಿತ ಊರುಗಳ ಹರೆಯದವರಲ್ಲಿ ಮೊಳಕಾಲು ಒಳಬಾಗುವ ವಿಕಾರವನ್ನು ದಾಖಲಿಸಿದರು. ಕಬ್ಬಿಣ ಮತ್ತು ಉರಿಯೂತದ ನಡುವಿನ ಕೊಂಡಿ ಕೈಗೆ ಸಿಕ್ಕಿದ್ದು ತೀರ ಈಚೆಗೆ, 2000–01ರಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಪತ್ತೆಯಾದ ಮೇಲೆ.

ಕಬ್ಬಿಣದ ಸಂಚಾರ ಮತ್ತು ಉರಿಯೂತ

ವಯಸ್ಕರ ದೇಹದಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣವಿದೆ. ಅದರ ಸುಮಾರು ಮೂರನೇ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲಿ. ಉಳಿದದ್ದು ಯಕೃತ್ತು, ಗುಲ್ಮ, ಮಜ್ಜೆ, ಸ್ನಾಯುಗಳಲ್ಲಿ. ಕರುಳು ದಿನಕ್ಕೆ ಹೀರಿಕೊಳ್ಳುವುದು ಕೇವಲ 1ರಿಂದ 2 ಮಿ.ಗ್ರಾಂ. ಹೊಸ ಕೆಂಪು ರಕ್ತಕಣ ಕಟ್ಟಲು ಮಜ್ಜೆಗೆ ಬೇಕಾದದ್ದು ದಿನಕ್ಕೆ 20ರಿಂದ 25 ಮಿ.ಗ್ರಾಂ. ಈ ಅಂತರವನ್ನು ತುಂಬುವುದು ಮರುಬಳಕೆ: ಹಳೆಯ ಕಣಗಳನ್ನು ಒಡೆದು ತೆಗೆದ ಕಬ್ಬಿಣವೇ ಮತ್ತೆ ಮಜ್ಜೆಗೆ ಹೋಗುತ್ತದೆ. ಮುಟ್ಟು, ಹೆರಿಗೆ, ಜಠರದ ಹುಣ್ಣು, ಕೊಕ್ಕೆಹುಳು ಯಾವುದರಿಂದಲಾದರೂ ರಕ್ತ ಹೊರಹೋದಾಗ ಕಬ್ಬಿಣವೂ ಹೋಗುತ್ತದೆ. ದಿನಕ್ಕೆ ಒಂದೆರಡು ಮಿ.ಗ್ರಾಂನ ಆದಾಯದಲ್ಲಿ ಆ ನಷ್ಟ ತುಂಬಲು ತಿಂಗಳುಗಳು ಬೇಕು.

ಈ ಸಂಚಾರವನ್ನು ಹತೋಟಿಯಲ್ಲಿಡುವುದು ಯಕೃತ್ತಿನಲ್ಲಿ ಹುಟ್ಟುವ ಹೆಪ್ಸಿಡಿನ್. ಅದು ಹೆಚ್ಚಿದಾಗ ಕರುಳಿನಿಂದ ರಕ್ತಕ್ಕೆ ಕಬ್ಬಿಣ ದಾಟುವುದಿಲ್ಲ, ದಾಸ್ತಾನಿನಿಂದಲೂ ಹೊರಬರುವುದಿಲ್ಲ. ಕೀಲಿನ ಉರಿಯೂತ ಇಂಟರ್‌ಲ್ಯೂಕಿನ್-6 ಎಂಬ ಸಂಕೇತದ ಮೂಲಕ ಹೆಪ್ಸಿಡಿನ್ ಏರಿಸುತ್ತದೆ. ಹಗೇವಿನಲ್ಲಿ ಕಾಳಿದ್ದೂ ಬಾಯಿ ತೆರೆಯದಂಥ ಸ್ಥಿತಿ ಅದು: ಕಬ್ಬಿಣ ದೇಹದಲ್ಲಿದೆ, ಮಜ್ಜೆಗೆ ಸಿಗುತ್ತಿಲ್ಲ. ಇದಕ್ಕೆ ಉರಿಯೂತದ ರಕ್ತಹೀನತೆ ಎಂದು ಹೆಸರು. ಇದರೊಡನೆ ನಿಜವಾದ ಕಬ್ಬಿಣ ಕೊರತೆಯೂ ಸೇರಿರಬಹುದು, ಬರಸೀಮೆಯ ಹೆಂಗಸರಲ್ಲಿ ಹಾಗೆ ಸೇರುವ ಸಾಧ್ಯತೆಯೇ ಹೆಚ್ಚು.

ಕಬ್ಬಿಣ ಕೊರತೆ ತಾನಾಗಿ ಕೀಲನ್ನು ಊದಿಸುವುದಿಲ್ಲ. ಆದರೆ ಸ್ನಾಯುಗಳಿಗೆ ಆಮ್ಲಜನಕ ಸಾಲದೆ ಬೇಗ ದಣಿವಾಗುತ್ತದೆ. ದಣಿದ ಸ್ನಾಯು ಕೀಲಿಗೆ ಆಸರೆಯಾಗುವುದಿಲ್ಲ. ರಾತ್ರಿ ಮಲಗಿದಾಗ ಕಾಲು ಆಡಿಸದೆ ಇರಲಾಗದ ತಳಮಳಕ್ಕೂ ಕಬ್ಬಿಣ ಕೊರತೆ ಒಂದು ಗೊತ್ತಾದ ಕಾರಣ. ನಿದ್ದೆ ಕೆಟ್ಟವರಿಗೆ ನೋವು ಹೆಚ್ಚು ಕಾಡುತ್ತದೆ.

ಬಗೆಗಳು

ಮಂಡಿ ಸವೆತ ಮತ್ತು ನೋವಿನ ಮಾತ್ರೆ. ಸೀಮೆಯ ಮಧ್ಯವಯಸ್ಸಿನ ದುಡಿಯುವ ಹೆಂಗಸರ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದ ಬಗೆ ಇದು. ಮಂಡಿಯ ಮೃದ್ವಸ್ಥಿ ಸವೆದು ನೋವು ಬರುತ್ತದೆ. ಏಳುವಾಗ, ಮೆಟ್ಟಿಲಿಳಿಯುವಾಗ ಹೆಚ್ಚು. ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲುತ್ತದೆ. ಸವೆತ ರಕ್ತವನ್ನು ಇಳಿಸುವುದಿಲ್ಲ. ಇಳಿಸುವುದು ಅದಕ್ಕೆಂದು ಔಷಧಿ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ಮಾತ್ರೆಗಳು. ಇವು ಜಠರದ ಒಳಪೊರೆಯ ರಕ್ಷಣೆಯನ್ನು ತೆಗೆಯುತ್ತವೆ. ಹುಣ್ಣಾಗಿ ರಕ್ತ ಜಿನುಗುತ್ತದೆ. ಹೊಟ್ಟೆನೋವೇ ಇಲ್ಲದೆ ತಿಂಗಳುಗಟ್ಟಲೆ ಜಿನುಗುವುದುಂಟು. ಬರಿಹೊಟ್ಟೆಯಲ್ಲಿ, ಚಹದೊಂದಿಗೆ ಮಾತ್ರೆ ನುಂಗಿ ಕೂಲಿಗೆ ಹೋಗುವ ರೂಢಿ ಈ ಹಾನಿಯನ್ನು ಬಲಪಡಿಸುತ್ತದೆ. ಹೆಸರಿಲ್ಲದ ಪುಡಿ, ಪೊಟ್ಟಣಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಅಪಾಯ ಇಮ್ಮಡಿ. ಸ್ಟೀರಾಯ್ಡ್ ದಿಢೀರನೆ ಆರಾಮ ಕೊಡುವುದರಿಂದ ಜನ ಅದನ್ನೇ ಅರಸಿ ಹೋಗುತ್ತಾರೆ.

ರುಮಟಾಯ್ಡ್ ಸಂಧಿವಾತ. ದೇಹದ ರಕ್ಷಣಾವ್ಯವಸ್ಥೆ ತನ್ನದೇ ಕೀಲಿನ ಒಳಪೊರೆಯ ಮೇಲೆ ಎರಗುವ ರೋಗ. ಹೆಂಗಸರಲ್ಲಿ ಹೆಚ್ಚು. ಎರಡೂ ಕೈಗಳ ಬೆರಳ ಬುಡದ ಮತ್ತು ನಡುವಿನ ಗೆಣ್ಣು, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಸಮನಾಗಿ ಊದುತ್ತವೆ. ಬೆಳಗಿನ ಬಿಗಿತ ಒಂದು ಗಂಟೆ ಅಥವಾ ಹೆಚ್ಚು ಉಳಿಯುತ್ತದೆ. ಈ ರೋಗಿಗಳಲ್ಲಿ ಮೂರನೇ ಒಂದರಿಂದ ಮೂರನೇ ಎರಡರಷ್ಟು ಮಂದಿಗೆ ಯಾವುದಾದರೂ ಹಂತದಲ್ಲಿ ರಕ್ತಹೀನತೆ ಕಾಣಿಸಿಕೊಳ್ಳುತ್ತದೆ. ರೋಗ ಉಲ್ಬಣಿಸಿದಷ್ಟೂ ಹಿಮೋಗ್ಲೋಬಿನ್ ಇಳಿಯುತ್ತದೆ. ಲೂಪಸ್ ಎಂಬ ಇಂಥದೇ ಇನ್ನೊಂದು ರೋಗದಲ್ಲೂ ಕೀಲುನೋವು, ರಕ್ತಹೀನತೆ ಜೊತೆಯಾಗಿ ಬರುತ್ತವೆ. ಮುಖದ ಕೆಂಪು, ಕೂದಲುದುರು, ಬಾಯಿಹುಣ್ಣು ಅದರ ಸುಳಿವು.

ಫ್ಲೋರೋಸಿಸ್. ಈ ಸೀಮೆಯ ನೆಲ ಹಳೆಯ ಗ್ರಾನೈಟ್ ಮತ್ತು ನೈಸ್ ಬಂಡೆ. ಬಂಡೆಯಲ್ಲಿರುವ ಫ್ಲೋರೈಟ್, ಅಪಟೈಟ್, ಕಾಗೆಬಂಗಾರದಂಥ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ನೀರಿಗೆ ಕರಗುತ್ತದೆ. ಕ್ಷಾರೀಯ, ಸುಣ್ಣದಂಶ (ಕ್ಯಾಲ್ಸಿಯಂ) ಕಡಿಮೆಯಿರುವ ನೀರಿನಲ್ಲಿ ಇನ್ನೂ ಹೆಚ್ಚು. ಮಳೆ ಕಡಿಮೆ, ಆವಿಯಾಗುವಿಕೆ ಹೆಚ್ಚು, ಕೊಳವೆಬಾವಿ ವರ್ಷ ವರ್ಷಕ್ಕೆ ಆಳ. ಚಿತ್ರದುರ್ಗವು ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದ ಜಿಲ್ಲೆಗಳ ಪಟ್ಟಿಯಲ್ಲಿದೆ. ಭಾರತೀಯ ಮಾನಕ ಬ್ಯೂರೋ ಲೀಟರಿಗೆ 1 ಮಿ.ಗ್ರಾಂ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 1.5 ಮಿ.ಗ್ರಾಂ ಕೊನೆಯ ಮಿತಿ ಎಂದು ಗೊತ್ತುಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 3ರಿಂದ 6 ಮಿ.ಗ್ರಾಂ ಇರುವ ನೀರನ್ನು ದೀರ್ಘಕಾಲ ಕುಡಿದರೆ ಮೂಳೆಗೆ ಹಾನಿ ಶುರುವಾಗುತ್ತದೆ. ಬಿಸಿಲಿನಲ್ಲಿ ದುಡಿದು ಹೆಚ್ಚು ನೀರು ಕುಡಿಯುವವರಲ್ಲಿ, ಸುಣ್ಣದಂಶ ಕಡಿಮೆ ಉಣ್ಣುವವರಲ್ಲಿ ಇದಕ್ಕಿಂತ ಕಡಿಮೆ ಪ್ರಮಾಣವೂ ಕೆಡಿಸಬಹುದು. ಒಂದೇ ಊರಿನ ಎರಡು ಬಾವಿಗಳ ಮಟ್ಟವೇ ಬೇರೆ ಇರುವುದರಿಂದ ಊರಿನ ಹೆಸರಿನಿಂದ ತೀರ್ಮಾನಿಸುವಂತಿಲ್ಲ; ಬಾವಿ ಬಾವಿಯ ನೀರನ್ನೂ ಪರೀಕ್ಷಿಸಬೇಕು.

ದೇಹದಲ್ಲಿ ಉಳಿಯುವ ಫ್ಲೋರೈಡಿನಲ್ಲಿ ಸುಮಾರು ಶೇ. 99 ಪಾಲು ಮೂಳೆ, ಹಲ್ಲುಗಳಲ್ಲಿ ಸೇರುತ್ತದೆ. ಹಲ್ಲು ರೂಪುಗೊಳ್ಳುವ ಎಳೆವಯಸ್ಸಿನಲ್ಲಿ ಸೇವಿಸಿದರೆ ಹಲ್ಲಿನ ಮೇಲೆ ಸುಣ್ಣದ ಬಿಳಿ, ಹಳದಿ, ಕಂದು ಪಟ್ಟೆಗಳು. ದೊಡ್ಡವರಲ್ಲಿ ಕತ್ತು, ಬೆನ್ನು, ಸೊಂಟ, ಮಂಡಿ ಬಿಗಿಯುತ್ತವೆ, ಸ್ನಾಯುರಜ್ಜುಗಳೂ ಗಡುಸಾಗುತ್ತವೆ. ಆರೋಗ್ಯ ಕಾರ್ಯಕರ್ತರು ಮನೆಬಾಗಿಲಲ್ಲೇ ಮಾಡಿಸಬಲ್ಲ ಮೂರು ಚಲನೆಗಳಿವೆ: ಮಂಡಿ ಬಗ್ಗಿಸದೆ ಬಾಗಿ ಕಾಲ್ಬೆರಳು ಮುಟ್ಟುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯುವುದು. ಇವು ಆಗದಿದ್ದರೆ ಅನುಮಾನ ಬಲವಾಗುತ್ತದೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿರುವುದು ಎಕ್ಸ್-ರೇಯಲ್ಲಿ ಕಂಡರೆ ಅದು ಗಟ್ಟಿ ಪುರಾವೆ.

ಫ್ಲೋರೈಡ್ ರಕ್ತಹೀನತೆಗೂ ಕಾರಣವಾಗುತ್ತದೆ ಎಂಬ ವಾದವನ್ನು ಮುಂದಿಟ್ಟವರಲ್ಲಿ ದೆಹಲಿಯ ಎ.ಕೆ. ಸುಶೀಲಾ ಪ್ರಮುಖರು. ಕರುಳಿನ ಒಳಪೊರೆಯ ಸೂಕ್ಷ್ಮ ಚಾಚುಗಳು ಹಾಳಾಗಿ ಪೋಷಕಾಂಶ ಹೀರುವಿಕೆ ಕುಗ್ಗುತ್ತದೆ ಎಂಬುದು ಅವರ ವಿವರಣೆ. 2010ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನದಲ್ಲಿ, ಫ್ಲೋರೈಡ್ ಸೇವನೆ ತಗ್ಗಿಸಿ ಪೌಷ್ಟಿಕ ಆಹಾರ ಸಲಹೆ ಪಡೆದ ಗರ್ಭಿಣಿಯರ ಹಿಮೋಗ್ಲೋಬಿನ್ ಏರಿತು. ನೀರು ಮತ್ತು ಆಹಾರ ಎರಡನ್ನೂ ಒಟ್ಟಿಗೆ ಬದಲಿಸಿದ್ದರಿಂದ ಫ್ಲೋರೈಡಿನ ಪಾಲು ಎಷ್ಟೆಂದು ಬಿಡಿಸುವುದು ಕಷ್ಟ. ಆದರೂ ಕಬ್ಬಿಣದ ಮಾತ್ರೆ ನುಂಗಿಯೂ ರಕ್ತ ಏರದ, ಹೊಟ್ಟೆಯುಬ್ಬರ ಮತ್ತು ಬೆನ್ನುಬಿಗಿತ ಇರುವ ಹೆಂಗಸಿನ ಮನೆಯ ನೀರನ್ನು ಪರೀಕ್ಷಿಸಲು ಇಷ್ಟು ಆಧಾರ ಸಾಕು.

ಬ್ರೂಸೆಲ್ಲೋಸಿಸ್. ಪಶುವೈದ್ಯರು ಕಂದು ರೋಗ ಎನ್ನುವ ಇದು ಕುರಿ, ಮೇಕೆ, ದನಗಳಲ್ಲಿ ಗರ್ಭ ಕಳಚಿಸುವ ಸೋಂಕು. ಕಂದು ಹಾಕಿದ ಪ್ರಾಣಿಯ ಮಾಸು, ಸ್ರಾವಗಳನ್ನು ಬರಿಗೈಯಲ್ಲಿ ಮುಟ್ಟಿದವರಿಗೆ, ಕಾಯಿಸದ ಹಾಲು ಕುಡಿದವರಿಗೆ ಅಂಟುತ್ತದೆ. ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ದೊಡ್ಡ ಕೀಲುಗಳ ನೋವು, ಸೌಮ್ಯ ರಕ್ತಹೀನತೆ ಇದರ ಲಕ್ಷಣ. ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಎರಡು ಆಂಟಿಬಯಾಟಿಕ್‌ಗಳನ್ನು ಕನಿಷ್ಠ 6 ವಾರ ತೆಗೆದುಕೊಂಡರೆ ಗುಣವಾಗುತ್ತದೆ. ಕುರಿಗಾಹಿ ಕುಟುಂಬಗಳಲ್ಲಿ ಈ ಪ್ರಶ್ನೆ ಕೇಳದೆ ‘ವಾಯು’ ಎಂದು ಬಿಡುವುದು ಗುಣವಾಗುವ ರೋಗವನ್ನು ಕೈಬಿಟ್ಟಂತೆ.

ಇತರ ಬಗೆಗಳು. 2006ರಲ್ಲಿ ಕರ್ನಾಟಕದಲ್ಲಿ ಸುಮಾರು 7.5 ಲಕ್ಷ ಶಂಕಿತ ಪ್ರಕರಣಗಳು ದಾಖಲಾದ ಚಿಕುನ್‌ಗುನ್ಯ ತಿಂಗಳುಗಟ್ಟಲೆ ಕೀಲುನೋವು ಉಳಿಸಿತು. ಅದು ತಾನಾಗಿ ರಕ್ತಹೀನತೆ ತರುವುದಿಲ್ಲ. ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟುಗಳಲ್ಲಿ ಕಂಡುಬರುವ ಕುಡಗೋಲು ಕಣ ರೋಗದಲ್ಲಿ ಮೂಳೆ, ಕೀಲುಗಳ ತೀವ್ರ ನೋವು ಮತ್ತು ರಕ್ತಹೀನತೆ ಎಳವೆಯಿಂದಲೇ ಜೊತೆಗಿರುತ್ತವೆ. ಹಿಮೋಫಿಲಿಯದಲ್ಲಿ ಕೀಲಿನೊಳಗೇ ರಕ್ತ ಸೋರುತ್ತದೆ. ಈ ರೋಗಿಗಳ ಆರೈಕೆಗೆ ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನಲ್ಲಿ 1970ರ ದಶಕದ ಮಧ್ಯದಲ್ಲಿ ಗುರುತಿಸಲಾದ ಹಂದಿಗೋಡು ರೋಗ ಆನುವಂಶಿಕ ಮೂಳೆವಿಕಾರ. ಫ್ಲೋರೋಸಿಸ್ ಜೊತೆ ಅದನ್ನು ಬೆರೆಸಬಾರದು. ಮಕ್ಕಳಲ್ಲಿ ಬಿಳಿಚುವಿಕೆ, ಜ್ವರ, ಮೂಳೆನೋವು ಒಟ್ಟಿಗೆ ಕಂಡರೆ ರಕ್ತದ ಕ್ಯಾನ್ಸರ್ ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಪತ್ತೆ

ಮೊದಲ ಹೆಜ್ಜೆ ಪೂರ್ಣ ರಕ್ತಕಣ ಎಣಿಕೆ. ಕಣಗಳು ಸಣ್ಣವಾಗಿ ಮಾಸಲಾಗಿದ್ದರೆ ಕಬ್ಬಿಣ ಕೊರತೆ ಅಥವಾ ಥಲಸೀಮಿಯ ವಾಹಕತೆ. ದೊಡ್ಡದಾಗಿದ್ದರೆ ಬಿ12 ಅಥವಾ ಫೋಲಿಕ್ ಆಮ್ಲದ ಕೊರತೆ. ಮುಂದಿನದು ಫೆರಿಟಿನ್. ಆರೋಗ್ಯವಂತ ವಯಸ್ಕರಲ್ಲಿ ಲೀಟರಿಗೆ 15 ಮೈಕ್ರೊಗ್ರಾಂಗಿಂತ ಕಡಿಮೆಯಿದ್ದರೆ ಕಬ್ಬಿಣ ಕೊರತೆ ಖಚಿತ. ಆದರೆ ಉರಿಯೂತ ಇರುವಾಗ ಫೆರಿಟಿನ್ ಹುಸಿಯಾಗಿ ಏರುತ್ತದೆ. ಅದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅಂಥವರಿಗೆ 70 ಎಂಬ ಮಿತಿ ಕೊಟ್ಟಿತು. ಕೀಲು ಊದಿದ ಹೆಂಗಸಿನ ವರದಿಯಲ್ಲಿ ಫೆರಿಟಿನ್ 40 ಎಂದಿದ್ದರೆ ‘ನಾರ್ಮಲ್’ ಎಂದು ಮಡಚಿಡುವುದು ತಪ್ಪು. ಉರಿಯೂತದ ಅಳತೆಗೆ ಸಿಆರ್‌ಪಿ ಮತ್ತು ಇಎಸ್‌ಆರ್. ರಕ್ತಹೀನತೆಯೇ ಇಎಸ್‌ಆರ್ ಏರಿಸಬಲ್ಲದು, ಹಾಗಾಗಿ ಸಿಆರ್‌ಪಿ ಹೆಚ್ಚು ನಂಬಲರ್ಹ. ಸಂಧಿವಾತಕ್ಕೆ ರುಮಟಾಯ್ಡ್ ಫ್ಯಾಕ್ಟರ್ ಮತ್ತು ಆಂಟಿ-ಸಿಸಿಪಿ ಎಂಬ ರಕ್ತಪರೀಕ್ಷೆಗಳು. ಫ್ಲೋರೋಸಿಸ್‌ಗೆ ಕುಡಿಯುವ ನೀರು ಮತ್ತು ಮೂತ್ರದ ಫ್ಲೋರೈಡ್, ಎಕ್ಸ್-ರೇ.

ಯಂತ್ರಗಳಿಲ್ಲದೆಯೂ ತಿಳಿಯುವುದು ಬಹಳವಿದೆ. ಎಷ್ಟು ದಿನದಿಂದ ಯಾವ ಮಾತ್ರೆ, ಮುಟ್ಟಿನ ಸ್ರಾವ ಎಷ್ಟು ದಿನ, ಮಣ್ಣು ಅಥವಾ ಹಸಿ ಅಕ್ಕಿ ತಿನ್ನುವ ಬಯಕೆ ಇದೆಯೇ, ಮಲ ಕಪ್ಪಗಿದೆಯೇ, ಯಾವ ಬಾವಿಯ ನೀರು: ಈ ಪ್ರಶ್ನೆಗಳು ಅರ್ಧ ಉತ್ತರ ಕೊಡುತ್ತವೆ. ಕಬ್ಬಿಣದ ಮಾತ್ರೆ ನುಂಗುವವರ ಮಲವೂ ಕಪ್ಪಾಗುತ್ತದೆ, ಅದು ನಿರುಪದ್ರವಿ. ಡಾಂಬರಿನಂತೆ ಅಂಟಂಟಾಗಿ ದುರ್ವಾಸನೆ ಬೀರಿದರೆ ಒಳಗೆ ರಕ್ತಸ್ರಾವವಾಗುತ್ತಿದೆ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಕೊರತೆ ಕಂಡರೆ ಹೊಟ್ಟೆ ಮತ್ತು ಕರುಳಿನ ಪರೀಕ್ಷೆ ಆಗಲೇಬೇಕು.

ಚಿಕಿತ್ಸೆ

ಕಬ್ಬಿಣದ ಮಾತ್ರೆ ಅಗ್ಗ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. 60 ಮಿ.ಗ್ರಾಂ ಕಬ್ಬಿಣ ಮತ್ತು 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುವ ಮಾತ್ರೆಯೇ ಹೆಚ್ಚು ಬಳಕೆಯಲ್ಲಿದೆ. ಒಂದು ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಸುಮಾರು ಒಂದು ದಿನ ಏರಿರುತ್ತದೆ ಎಂದು ತಿಳಿದ ಮೇಲೆ, ದಿನ ಬಿಟ್ಟು ದಿನ ಕೊಡುವ ಕ್ರಮವೂ ಬಂದಿದೆ. ಹೊಟ್ಟೆ ತೊಳಸುವವರಿಗೆ ಇದು ಅನುಕೂಲ. ಚಹ, ಕಾಫಿ, ಹಾಲು, ಸುಣ್ಣದ ಮಾತ್ರೆಗಳಿಂದ ಒಂದೆರಡು ಗಂಟೆ ದೂರವಿಡಬೇಕು. ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ 1 ಗ್ರಾಂ ಆದರೂ ಏರದಿದ್ದರೆ ಮಾತ್ರೆ ಬದಲಿಸುವ ಮುನ್ನ ಕಾರಣ ಹುಡುಕಬೇಕು: ನುಂಗುತ್ತಿಲ್ಲವೇ, ಎಲ್ಲೋ ಸೋರುತ್ತಿದೆಯೇ, ಉರಿಯೂತ ಬಾಗಿಲು ಮುಚ್ಚಿದೆಯೇ, ಬಿ12 ಕೊರತೆಯೇ, ನೀರಿನಲ್ಲೇ ದೋಷವೇ. ಹಿಮೋಗ್ಲೋಬಿನ್ ಸರಿಹೋದ ಮೇಲೂ ದಾಸ್ತಾನು ತುಂಬಲು ಸುಮಾರು 3 ತಿಂಗಳು ಮುಂದುವರಿಸಬೇಕು. ಉರಿಯೂತದಿಂದ ಕರುಳು ಕಬ್ಬಿಣ ಹೀರದವರಿಗೆ ರಕ್ತನಾಳದ ಮೂಲಕ ಐರನ್ ಸುಕ್ರೋಸ್ ಅಥವಾ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಕೊಡುತ್ತಾರೆ. ಕೊಟ್ಟ ಒಂದೆರಡು ದಿನ ಕೀಲು, ಸ್ನಾಯು ನೋಯುವುದುಂಟು, ತಾನಾಗಿ ಇಳಿಯುತ್ತದೆ. ಎರಡನೆಯ ಔಷಧದಿಂದ ಕೆಲವರಲ್ಲಿ ರಕ್ತದ ರಂಜಕ ಇಳಿದು, ಪದೇ ಪದೇ ಕೊಟ್ಟಾಗ ಮೂಳೆಯೇ ಮೆದುವಾಗಿ ನೋಯಬಹುದು.

ಕೀಲಿನ ಕಡೆಯ ಚಿಕಿತ್ಸೆ ಬಗೆಯನ್ನು ಅವಲಂಬಿಸಿದೆ. ಸವೆತಕ್ಕೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಸುವುದು, ನೋವಿನ ಮುಲಾಮು, ಬೇಕಾದಾಗ ಪ್ಯಾರಾಸಿಟಮಾಲ್. ರಕ್ತ ಕಡಿಮೆ ಇರುವವರು ಡೈಕ್ಲೋಫೆನಾಕ್ ಜಾತಿಯ ಮಾತ್ರೆಗಳನ್ನು ವೈದ್ಯರ ಸೂಚನೆಯಿಲ್ಲದೆ ನುಂಗಬಾರದು. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಮುಖ್ಯ ಔಷಧ. ಅದನ್ನು ವಾರಕ್ಕೆ ಒಂದೇ ದಿನ, ಫೋಲಿಕ್ ಆಮ್ಲದ ಜೊತೆ ಕೊಡುತ್ತಾರೆ. ದಿನವೂ ನುಂಗಿದರೆ ಮಜ್ಜೆ ಕೆಟ್ಟು ಪ್ರಾಣಾಪಾಯವಾಗುತ್ತದೆ, ಗರ್ಭಿಣಿಯರಿಗೆ ಸಲ್ಲದು. ಉರಿಯೂತ ತಗ್ಗಿದಂತೆ ಹಿಮೋಗ್ಲೋಬಿನ್ ತಾನೇ ಏರತೊಡಗುವುದು ಚಿಕಿತ್ಸೆ ಹಿಡಿದಿರುವುದಕ್ಕೆ ಒಳ್ಳೆಯ ಗುರುತು. ಮೂಳೆಯಲ್ಲಿ ನೆಲೆಸಿದ ಫ್ಲೋರೈಡನ್ನು ಹೊರತೆಗೆಯುವ ಔಷಧವಿಲ್ಲ. ಫ್ಲೋರೋಸಿಸ್‌ಗೆ ನೀರು ಬದಲಿಸುವುದೇ ಚಿಕಿತ್ಸೆಯ ಆರಂಭ.

ನೀರು ಮತ್ತು ಊಟ

ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಸಾಂದ್ರತೆ ಹೆಚ್ಚುತ್ತದೆ. ಸುಣ್ಣ, ಪಟಿಕ ಬೆರೆಸಿ ತಿಳಿಗೊಳಿಸುವ ನಲ್ಗೊಂಡ ವಿಧಾನವನ್ನು ನಾಗಪುರದ ನೀರಿ (NEERI) ಸಂಸ್ಥೆ 1970ರ ದಶಕದಲ್ಲಿ ರೂಪಿಸಿತು. ಹಳ್ಳಿಗಳಲ್ಲಿ ಈಗ ನಾಣ್ಯ ಹಾಕಿ ಕ್ಯಾನ್ ತುಂಬಿಕೊಳ್ಳುವ ಶುದ್ಧ ನೀರಿನ ಘಟಕಗಳಿವೆ. ಜನರ ಬಾಯಲ್ಲಿ ಅದು ‘ಫಿಲ್ಟರ್ ನೀರು’. ಘಟಕ ಕೆಟ್ಟ ದಿನ ಮತ್ತೆ ಕೊಳವೆಬಾವಿಯೇ ಗತಿ. ಕುಡಿಯಲು ಫಿಲ್ಟರ್ ನೀರು, ಅಡುಗೆಗೆ ನಲ್ಲಿ ನೀರು ಎಂಬ ವಿಂಗಡಣೆಯಿಂದ ಮುದ್ದೆ, ಅನ್ನ, ಸಾರಿನ ಮೂಲಕ ಫ್ಲೋರೈಡ್ ಒಳಹೋಗುತ್ತಲೇ ಇರುತ್ತದೆ. ಮಳೆನೀರು ಹಿಡಿದಿಟ್ಟರೆ ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಕಪ್ಪುಪ್ಪು ಮತ್ತು ಕಡು ಚಹ ಕೂಡ ಫ್ಲೋರೈಡ್ ಮೂಲಗಳು.

ಸೀಮೆಯ ಹಳೆಯ ಊಟ ಈ ರೋಗಸ್ಥಿತಿಗೆ ಬಹುಪಾಲು ಹೊಂದುವಂಥದು. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ ಸುಣ್ಣದಂಶ, 4.6 ಮಿ.ಗ್ರಾಂ ಕಬ್ಬಿಣ, ಸಜ್ಜೆಯಲ್ಲಿ 6 ಮಿ.ಗ್ರಾಂಗಿಂತ ಹೆಚ್ಚು, ಹುರುಳಿಯಲ್ಲಿ 8 ಮಿ.ಗ್ರಾಂಗೂ ಮೇಲೆ. ಸುಣ್ಣದಂಶ ಫ್ಲೋರೈಡಿನ ಹೀರುವಿಕೆಯನ್ನು ತಗ್ಗಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕ ಹೆಂಗಸಿಗೆ ದಿನಕ್ಕೆ 29, ಗಂಡಸಿಗೆ 19 ಮಿ.ಗ್ರಾಂ ಕಬ್ಬಿಣ ಬೇಕೆಂದು ಗೊತ್ತುಮಾಡಿತು. ಧಾನ್ಯದ ಕಬ್ಬಿಣ ಫೈಟೇಟ್‌ಗೆ ಅಂಟಿಕೊಂಡಿರುವುದರಿಂದ ಅಲ್ಪ ಭಾಗ ಮಾತ್ರ ದೇಹಕ್ಕೆ ಸಿಗುತ್ತದೆ. ಮೊಳಕೆ ಬರಿಸುವುದು, ಹುಳಿ ಬರಿಸುವುದು, ಊಟದೊಡನೆ ನಿಂಬೆ ಅಥವಾ ನೆಲ್ಲಿ ಸೇರಿಸುವುದು ಅದನ್ನು ಬಿಡಿಸುತ್ತವೆ. ಮೊಳಕೆ ಹುರುಳಿಯ ಸಾರು, ಬೆರಕೆ ಸೊಪ್ಪು, ನುಗ್ಗೆ ಸೊಪ್ಪು ಹಳೆಯ ಅಡುಗೆಯ ಬಲ. ಬೀಟ್‌ರೂಟ್ ಬಣ್ಣದಿಂದ ಹೆಸರು ಪಡೆದಿದೆಯೇ ಹೊರತು ಕಬ್ಬಿಣದಿಂದಲ್ಲ. ಮಾಂಸದ ಕಬ್ಬಿಣ ಸುಲಭವಾಗಿ ಹೀರಲ್ಪಡುತ್ತದೆ. ಮ್ಯಾಸನಾಯಕರ ಸಂಪ್ರದಾಯದಲ್ಲಿ ಕೋಳಿ ವರ್ಜ್ಯ, ಕುರಿ ಮತ್ತು ಮೇಕೆ ಮಾಂಸ ಉಂಟು, ಆದರೆ ಅದು ದಿನದ ಊಟವಲ್ಲ. ಕೋಳಿ ಒಗ್ಗದ ಮನೆಗೆ ಮೊಟ್ಟೆಯೂ ಒಗ್ಗದಿರಬಹುದಾದ್ದರಿಂದ ಪೌಷ್ಟಿಕಾಂಶದ ಸಲಹೆ ಮೊಟ್ಟೆಯೊಂದರಲ್ಲೇ ನಿಲ್ಲಬಾರದು. ಹುಣಸೆ ಮೂತ್ರದ ಮೂಲಕ ಫ್ಲೋರೈಡ್ ವಿಸರ್ಜನೆಯನ್ನು ಹೆಚ್ಚಿಸುತ್ತದೆ ಎಂದು ಹೈದರಾಬಾದಿನ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಶಾಲಾ ಹುಡುಗರಲ್ಲಿ ತೋರಿಸಿದ್ದಾರೆ. ಅಧ್ಯಯನ ಚಿಕ್ಕದಾದರೂ ಹುಣಸೆ ಹುಳಿಯ ಸಾರು ಇಲ್ಲಿ ಹೇಗೂ ನಿತ್ಯದ್ದು.

ದಿನಚರಿ

ಈ ಸ್ಥಿತಿಯೊಂದಿಗೆ ಬದುಕುವವರಿಗೆ ದಣಿವು ನೋವಿಗಿಂತ ದೊಡ್ಡ ತೊಡಕು. ನೋವಿದ್ದರೆ ಮನೆಯವರಿಗೆ ಕಾಣುತ್ತದೆ, ರಕ್ತ ಇಳಿದ ಸುಸ್ತು ಸೋಮಾರಿತನವೆಂದು ಎಣಿಸಲ್ಪಡುತ್ತದೆ. ಕುಕ್ಕರುಗಾಲಿನ ಕೆಲಸಕ್ಕೆ ಗಿಡ್ಡ ಮಣೆ, ಮೂರು ನಾಲ್ಕು ಸಾಲಿಗೊಮ್ಮೆ ಎದ್ದು ಕಾಲು ಚಾಚುವುದು, ಕೊಡದ ಬದಲು ತಳ್ಳುಗಾಡಿ, ಉದ್ದ ಹಿಡಿಯ ಕಳೆಗುದ್ದಲಿ ಮಂಡಿಯ ಹೊರೆ ತಗ್ಗಿಸುತ್ತವೆ. ಪೂರ್ತಿ ಮಲಗಿಬಿಡುವುದು ಕೀಲನ್ನು ಇನ್ನಷ್ಟು ಬಿಗಿಸುತ್ತದೆ. ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಿನ ದಿನಗಳಲ್ಲಿ, ಹೆರಿಗೆಯಾದ ಮೇಲೆ ಹೆಣ್ಣುಮಕ್ಕಳನ್ನು ಊರಾಚೆ ಇರಿಸುವ ರೂಢಿ ಪೂರ್ತಿ ಹೋಗಿಲ್ಲ. ಕಬ್ಬಿಣ ಹೆಚ್ಚು ಬೇಕಾದ ದಿನಗಳಲ್ಲೇ ಊಟ, ನೆಲ, ಚಳಿ ಮೂರರಲ್ಲೂ ಅವರಿಗೆ ನಷ್ಟ. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧ ಕಾಯ್ದೆ ಇಂಥ ಒತ್ತಾಯದ ಪ್ರತ್ಯೇಕತೆಯನ್ನು ಅಪರಾಧವೆನ್ನುತ್ತದೆ.

ಈಗಿನ ಸ್ಥಿತಿ

2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8, ಗಂಡಸರಲ್ಲಿ ಶೇ. 19.6, ಐದರೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ ಇತ್ತು. ಹಿಂದಿನ ಸಮೀಕ್ಷೆಯಲ್ಲಿ ಹೆಂಗಸರ ಪ್ರಮಾಣ ಶೇ. 44.8, ಅಂದರೆ ಏರಿದೆ. ಮಾತ್ರೆ ಹಂಚಿಕೆ 1970ರಿಂದ ನಡೆದಿದೆ, 2018ರಿಂದ ಅನೀಮಿಯ ಮುಕ್ತ ಭಾರತ ಎಂಬ ಹೆಸರಿನಲ್ಲಿ. ಅದರಲ್ಲಿ ಗರ್ಭಿಣಿಗೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನಿತ್ಯ ಮಾತ್ರೆ. ಶಾಲಾ ಮಕ್ಕಳಿಗೆ ವಾರಕ್ಕೊಂದು. ಜಂತುಹುಳು ನಿವಾರಣೆಗೆ ವರ್ಷಕ್ಕೆ ಎರಡು ಬಾರಿ ಅಲ್ಬೆಂಡಜೋಲ್. ರಾಜ್ಯದ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಿಂದ ಅಂಗನವಾಡಿಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಬಿಸಿಯೂಟ ಕೊಡುತ್ತಿದೆ. ಪಡಿತರ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಕಾಳುಗಳನ್ನು ನೂರಕ್ಕೊಂದರಂತೆ ಬೆರೆಸುವ ಕ್ರಮವೂ ಬಂತು. ‘ಪ್ಲಾಸ್ಟಿಕ್ ಅಕ್ಕಿ’ ಎಂದು ಹೆದರಿ ಅವನ್ನು ಆರಿಸಿ ಎಸೆದ ಮನೆಗಳಿವೆ.

ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 2008–09ರಲ್ಲಿ ಆರಂಭವಾಯಿತು. ರಕ್ತಹೀನತೆಯ ಕಾರ್ಯಕ್ರಮವೂ ಫ್ಲೋರೈಡ್ ಪೀಡಿತ ಪ್ರದೇಶಗಳಲ್ಲಿ ಫ್ಲೋರೋಸಿಸನ್ನು ಪೌಷ್ಟಿಕೇತರ ಕಾರಣವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಹೇಳುತ್ತದೆ. ಹೇಳಿದ್ದು ಹಟ್ಟಿಯ ಮಟ್ಟದಲ್ಲಿ ನಡೆಯಬೇಕಾದರೆ ಹಿಮೋಗ್ಲೋಬಿನ್ ಅಳೆಯುವ ಕಾರ್ಯಕರ್ತೆಯ ಕೈಗೆ ನೀರಿನ ಪರೀಕ್ಷಾ ಫಲಿತಾಂಶವೂ ಸಿಗಬೇಕು; ಆದರೆ ಆರೋಗ್ಯ ಮತ್ತು ಕುಡಿಯುವ ನೀರು, ಈ ಎರಡು ಇಲಾಖೆಗಳ ಪುಸ್ತಕಗಳು ಬೇರೆ ಬೇರೆ. ಸಂಧಿವಾತ ತಜ್ಞರು ದೊಡ್ಡ ನಗರಗಳಲ್ಲೇ ಹೆಚ್ಚು; ಸೀಮೆಯ ರೋಗಿ ಚಳ್ಳಕೆರೆಯ ತಾಲ್ಲೂಕು ಆಸ್ಪತ್ರೆಯಿಂದ ಚಿತ್ರದುರ್ಗ, ಅಲ್ಲಿಂದ ದಾವಣಗೆರೆ, ಬಳ್ಳಾರಿ ಅಥವಾ ಬೆಂಗಳೂರಿಗೆ ಹೋಗುತ್ತಾರೆ. ಚಲನೆಗೆ ಶಾಶ್ವತ ಅಡ್ಡಿಯಾದವರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರ ಪಡೆಯಬಹುದು.

ನೀರಿನ ಮೂಲವನ್ನೇ ಬದಲಿಸುವ ಕೆಲಸವೂ ನಡೆದಿದೆ. ತುಂಗಭದ್ರಾ ಹಿನ್ನೀರನ್ನು ಪಾವಗಡ, ಕೂಡ್ಲಿಗಿ, ಮೊಳಕಾಲ್ಮುರು, ಚಳ್ಳಕೆರೆ ತಾಲ್ಲೂಕುಗಳಿಗೆ ತರುವ ಬಹುಗ್ರಾಮ ಕುಡಿಯುವ ನೀರಿನ ಯೋಜನೆ ಅದರಲ್ಲಿ ದೊಡ್ಡದು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಚಿತ್ರದುರ್ಗ ಜಿಲ್ಲೆಯ ಕೆರೆಗಳನ್ನು ತುಂಬಿಸುವ ಭಾಗವಿದೆ. 2023ರ ಕೇಂದ್ರ ಬಜೆಟ್ ಅದಕ್ಕೆ 5,300 ಕೋಟಿ ರೂಪಾಯಿ ನೆರವು ಘೋಷಿಸಿತ್ತು. ನದಿ ನೀರು ಬಂದ ಮೇಲೂ ಮೂಳೆಯಲ್ಲಿ ಸೇರಿದ ಫ್ಲೋರೈಡ್ ಇಳಿಯಲು ವರ್ಷಗಳು ಬೇಕು. ಹಾಗಾಗಿ ಈಗಿನ ನಡುವಯಸ್ಸಿನವರ ಕೀಲುನೋವಿಗೆ ಆಸ್ಪತ್ರೆಯ ಆರೈಕೆ ಮುಂದೆಯೂ ಬೇಕಾಗುತ್ತದೆ, ಹಲ್ಲು ಮೂಡುತ್ತಿರುವ ಮಕ್ಕಳಿಗೆ ಮಾತ್ರ ನದಿ ನೀರಿನ ಪೂರ್ಣ ಪ್ರಯೋಜನ ಸಿಗುತ್ತದೆ.